ಯಾವ ಹೊಲಕ್ಕೆ ಯಾವ ಮಾತು

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ನನಗೊಂದು ಸಣ್ಣ ಅನುವಾದದ ಕೆಲಸ ಬಂತು. ರೈತರ ಮೊಬೈಲಿಗೆ ಕಳಿಸುವ ಸಂದೇಶಗಳು. ಒಟ್ಟು ಹನ್ನೊಂದು ವಾಕ್ಯ, ಮೇಲೊಂದು ಶೀರ್ಷಿಕೆ: ‘ಸುಸ್ಥಿರ ಕೃಷಿಗೆ ಸರಳ ಸೂತ್ರಗಳು’. ಅರ್ಧ ಗಂಟೆಯ ಕೆಲಸ ಅಂದುಕೊಂಡು ಪುಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಎರಡನೆಯ ವಾಕ್ಯದಲ್ಲೇ ಸಿಕ್ಕಿಕೊಂಡೆ.

‘ಮುಂಗಾರಿನ ಮೊದಲ ಹದ ಮಳೆಯ ನಂತರ ಬಿತ್ತನೆ ಮಾಡಿ.’

ಭಾಷೆಯಲ್ಲಿ ತೊಡಕೇನೂ ಇರಲಿಲ್ಲ. ಆದರೂ ಒಮ್ಮೆ ಕೇಳಿ ನೋಡೋಣವೆಂದು ಎರಡು ಕಡೆ ಫೋನ್ ಮಾಡಿದೆ. ನನ್ನ ತವರು ತುಮಕೂರು ಕಡೆ. ಅಮ್ಮ ಹೇಳಿದ್ದು: ‘ಅದ್ರಲ್ಲೇನಿದೆ, ಹದ ಬಂದ್ರೆ ರಾಗಿ ಹಾಕೋದೇ.’ ಗಂಡನ ಮನೆ ವಿಜಯಪುರ ಜಿಲ್ಲೆಯ ಇಂಡಿ ಕಡೆ. ಅಲ್ಲಿ ಮಾವನವರದು ಬಿಳಿಜೋಳದ ಎರೆ ಹೊಲ. ಅವರು ವಾಕ್ಯವನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ನಕ್ಕರು. ‘ಮೊದಲನೇ ಮಳಿಗೆ ಬಿತ್ತೂದಾ? ಬಿಳಿಜೋಳಾನ? ಬೀಜ ಹೊಲದಾಗ ಚೆಲ್ಲಿ ಬಂದಂಗ ಆಗ್ತೈತಿ ಯವ್ವಾ. ನಮ್ಮ ಕಡೆ ಮಳಿ ಬಂದಾಗ ಜೋಳ ಬಿತ್ತಂಗಿಲ್ಲ. ಮಳಿ ಹಿಡಕೊಂಡು ಆಮ್ಯಾಲೆ ಬಿತ್ತತೀವಿ.’

ಕೆಲಸ ಕೊಟ್ಟವರಿಗೆ ಫೋನ್ ಮಾಡಿ, ಇದು ಯಾವ ಜಿಲ್ಲೆಗೆ ಹೋಗುವ ಸಂದೇಶ ಎಂದು ಕೇಳಿದೆ. ‘ಇಡೀ ಕರ್ನಾಟಕಕ್ಕೆ ಮೇಡಂ, ಕನ್ನಡ ಒಂದೇ ಅಲ್ವಾ?’ ಎಂದರು.

ಕನ್ನಡ ಒಂದೇ ಇರಬಹುದು, ನೆಲ ಒಂದಲ್ಲ. ಸರ್ಕಾರದ ಲೆಕ್ಕದಲ್ಲೇ ಕರ್ನಾಟಕದಲ್ಲಿ 10 ಕೃಷಿ ಹವಾಮಾನ ವಲಯಗಳಿವೆ. ಅರ್ಧ ಗಂಟೆಯ ಆ ಕೆಲಸ ಮೂರು ವಾರ ಹಿಡಿಯಿತು. ಸಂದೇಶದ ಒಂದೊಂದು ವಾಕ್ಯವೂ ಒಂದೊಂದು ಹಳೆಯ ಪ್ರಶ್ನೆಯನ್ನು ಎಬ್ಬಿಸಿತು. ಒಂದು ಕಡೆ ಸರಿಯಾದ ಬೇಸಾಯ ಇನ್ನೊಂದು ಕಡೆ ಯಾಕೆ ಸರಿಯಲ್ಲ? ಇದನ್ನು ನಮಗಿಂತ ಮೊದಲು ಯಾರು ಕೇಳಿದರು, ಯಾರು ಕೇಳದೆ ಬಿಟ್ಟರು? ಈ ಪತ್ರ ಆ ಹನ್ನೊಂದರ ಪೈಕಿ ನಾಲ್ಕು ವಾಕ್ಯಗಳ ಕತೆ.

*

ಮೊದಲು ನಾಲ್ಕನೆಯ ವಾಕ್ಯ: ‘ಮುಖ್ಯ ಬೆಳೆಯ ನಡುವೆ ಅಂತರ ಬೆಳೆ ಬೆಳೆಯಿರಿ.’

ಅಂತರ ಬೆಳೆ ಪಠ್ಯಪುಸ್ತಕದ ಮಾತು. ನಮ್ಮ ಕಡೆ ಇದನ್ನು ಅಕ್ಕಡಿ ಎನ್ನುತ್ತಾರೆ, ಅಕ್ಕಡಿ ಸಾಲು. ಎರಡೂ ಒಂದೇ ಎಂದು ನಾನೂ ಅಂದುಕೊಂಡಿದ್ದೆ. ಅಂತರ ಬೆಳೆ ಎಂದಾಗ ಒಂದು ಮುಖ್ಯ ಬೆಳೆ, ಅದರ ಜೊತೆಗೊಂದು ಉಪಬೆಳೆ, ಎರಡರ ಸಾಲಿಗೂ ಒಂದು ಲೆಕ್ಕ. ಅಕ್ಕಡಿಯಲ್ಲಿ ರಾಗಿಯ ಜೊತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿಗೆ ಹರಳು. ಮನೆಗೆ ಏನು ಬೇಕೋ ಅದೆಲ್ಲ. ಅಮ್ಮನ ಮಾತಿನಲ್ಲಿ ಹೇಳುವುದಾದರೆ: ‘ರಾಗಿ ಒಂದನ್ನೇ ಹಾಕುದ್ರೆ ಮುದ್ದೆ ಆಗುತ್ತೆ. ಸಾರಿಗೇನ್ ಮಾಡ್ತೀಯ?’

ಈ ಸಾಲುಗಳನ್ನು ಹೊರಗಿನವನೊಬ್ಬ ಕಣ್ಣಿಟ್ಟು ನೋಡಿ ಬರೆದಿಟ್ಟದ್ದು 1800ರಲ್ಲಿ. ಹಿಂದಿನ ವರ್ಷ ಶ್ರೀರಂಗಪಟ್ಟಣ ಬಿದ್ದಿತ್ತು. ಟಿಪ್ಪು ಸತ್ತಿದ್ದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಹೇಗೆ ಬೆಳೆಯುತ್ತಾರೆ ಎಂಬುದು ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ಕಳಿಸಿದ್ದು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು. ಆತ 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟು ಹೊರಟ. ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿ 1801ರ ಜುಲೈನಲ್ಲಿ ಮದರಾಸಿಗೆ ಮರಳಿದ. ದಿನಚರಿಯ ರೂಪದ ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಭಾಷಾಶಾಸ್ತ್ರ ಓದಿದವಳಿಗೆ ಆ ಪುಸ್ತಕ ಒಂದು ಖುಷಿ. ಬುಕಾನನ್ನನಿಗೆ ಕನ್ನಡ ಬಾರದು, ದುಭಾಷಿ ಹೇಳಿದ್ದನ್ನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದ. ಆದರೆ ಒಂದು ಒಳ್ಳೆಯ ಅಭ್ಯಾಸವಿತ್ತು. ರೈತರು ಎರಡು ಹೆಸರಿನಿಂದ ಕರೆದದ್ದನ್ನು ಅವನು ಒಂದು ಹೆಸರಿಗೆ ಇಳಿಸುತ್ತಿರಲಿಲ್ಲ. ಭತ್ತದ ಬೇಸಾಯದಲ್ಲಿ ಒಣಬೀಜ ಬಿತ್ತುವುದು ಬೇರೆ, ಮೊಳಕೆ ಬರಿಸಿ ಚೆಲ್ಲುವುದು ಬೇರೆ, ನಾಟಿ ಬೇರೆ. ಮೂರನ್ನೂ ಮೂರು ಹೆಸರಿನಲ್ಲಿ, ಮೂರು ಬೇರೆ ಲೆಕ್ಕಗಳಲ್ಲಿ ಬರೆದ. ಎರೆ ಮಣ್ಣು, ಕೆಂಪು ಮಣ್ಣು, ಮರಳು ಮಣ್ಣುಗಳನ್ನು ಊರಿನವರ ಮಾತಿನಲ್ಲೇ ದಾಖಲಿಸಿದ. ರಾಗಿಯ ನಡುವೆ ಅವರೆ, ತೊಗರಿ ಸಾಲುಗಳು ಬರುವುದನ್ನೂ, ಕೂರಿಗೆಯ ಹಿಂದೆ ಬಿದಿರಿನ ಕೊಳವೆ ಕಟ್ಟಿ ಆ ಕಾಳನ್ನು ಬೇರೆಯಾಗಿ ಬಿಡುವುದನ್ನೂ ಗಮನಿಸಿದ.

ಅವನೇನೂ ಹೊಗಳುಭಟ್ಟನಲ್ಲ. ಇಲ್ಲಿನ ನೇಗಿಲು ಅವನಿಗೆ ಹಿಡಿಸಲಿಲ್ಲ, ಉಳುಮೆ ಸಾಲದು ಎಂದ, ರೈತರ ಮಾತನ್ನು ಎಷ್ಟೋ ಕಡೆ ನಂಬಲಿಲ್ಲ. ಅದಕ್ಕೇ ಅವನ ದಾಖಲೆಗೆ ಬೆಲೆ. ಒಪ್ಪದವನೂ ಬರೆದಿಟ್ಟದ್ದು ಅದು.

ಕೂರಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಸಾಲಾಗಿ ಬೀಜ ಬಿತ್ತುವ ಯಂತ್ರವನ್ನು ಜೆತ್ರೋ ಟಲ್ 1701ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮಾಡಿದ. ಅದು ಯುರೋಪಿನ ಹೊಸ ಆವಿಷ್ಕಾರ ಎಂದೇ ನಂಬಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಟ್ ಎಂಬ ಅಧಿಕಾರಿ ದಕ್ಷಿಣ ಭಾರತದ ಹೊಲಗಳಲ್ಲಿ ಕೂರಿಗೆಯನ್ನು ನೋಡಿ ಬೆರಗಾದ. ಅವನು ಬರೆದದ್ದನ್ನು ಲಂಡನ್ನಿನ ಕೃಷಿ ಮಂಡಳಿ 1797ರಲ್ಲಿ ಅಚ್ಚು ಹಾಕಿತು. ಈ ಕತೆಯನ್ನು ಹೇಳಿ ಎದೆ ಉಬ್ಬಿಸುವವರು ಬಹಳ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಬೇರೆ. ತುಮಕೂರಿನ ರಾಗಿ ಕೂರಿಗೆಗೂ ಇಂಡಿಯ ಜೋಳದ ಕೂರಿಗೆಗೂ ಹೆಸರು ಒಂದೇ, ಸಲಕರಣೆ ಬೇರೆ. ರಾಗಿಯದಕ್ಕೆ ತಾಳು ಹೆಚ್ಚು, ಸಾಲು ಒತ್ತೊತ್ತು. ಜೋಳದ್ದಕ್ಕೆ ತಾಳು ಕಡಿಮೆ, ಸಾಲು ದೂರ. ಒಂದೇ ಪದ ಎರಡು ನೆಲಗಳಲ್ಲಿ ಎರಡು ಆಕಾರ ತಳೆದಿದೆ.

ಅಕ್ಕಡಿಯ ಒಳಲೆಕ್ಕವೂ ನೆಲದಿಂದಲೇ ಬಂದದ್ದು. ಬಯಲುಸೀಮೆಯ ಕೆಂಪು ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಬೇಗ ಕಳೆದುಕೊಳ್ಳುತ್ತದೆ. ಮಳೆ ನಡುವೆ ಕೈಕೊಟ್ಟರೆ ಪೈರು ಎರಡು ವಾರದಲ್ಲಿ ಬಾಡುತ್ತದೆ. ಎಲ್ಲ ಬೆಳೆಗೂ ಒಂದೇ ಹೊತ್ತಿನಲ್ಲಿ ನೀರು ಬೇಕಾದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ. ರಾಗಿ ಸುಮಾರು ನಾಲ್ಕು ತಿಂಗಳಿಗೆ ಕೊಯ್ಲಿಗೆ ಬರುತ್ತದೆ, ಅದರ ಬೇರು ಮೇಲುಮೇಲಿನದು. ತೊಗರಿಯ ಬೇರು ಆಳದ್ದು, ಅದು ರಾಗಿ ಹೋದ ಮೇಲೂ ಹೊಲದಲ್ಲಿರುತ್ತದೆ. ಅವರೆ ಹೂ ಬಿಡುವುದು ಹಗಲು ಮೋಟಾಗಿ ಇಬ್ಬನಿ ಬೀಳುವ ಕಾಲಕ್ಕೆ. ಕಾಳಿನ ಗಿಡಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಆಗಸ್ಟಿನಲ್ಲಿ ಮಳೆ ತಪ್ಪಿ ರಾಗಿ ಅರ್ಧಕ್ಕೆ ಬಂದರೂ ಅಕ್ಟೋಬರಿನ ಮಳೆಗೆ ಅವರೆ ಇದೆ. ಒಂದು ಬೆಳೆಯ ಎಕರೆವಾರು ಇಳುವರಿಯನ್ನಷ್ಟೇ ನೋಡುವವರಿಗೆ ಇದು ಕಾಣುವುದಿಲ್ಲ. ಅವರ ಪಟ್ಟಿಯಲ್ಲಿ ಇರುವುದು ರಾಗಿಯ ಅಂಕಿ ಮಾತ್ರ. ಸಾರಿನ ಅಂಕಿ ಅಲ್ಲಿಲ್ಲ.

*

ಈಗ ಮಾವನವರು ನಕ್ಕ ಎರಡನೆಯ ವಾಕ್ಯಕ್ಕೆ ಬರುತ್ತೇನೆ. ಇಂಡಿಯಲ್ಲಿ ಬಿಳಿಜೋಳವನ್ನು ಮುಂಗಾರಿಗೆ ಯಾಕೆ ಬಿತ್ತುವುದಿಲ್ಲ?

ಅಲ್ಲಿನದು ಆಳವಾದ ಎರೆ ಭೂಮಿ. ವರ್ಷಕ್ಕೆ ಬೀಳುವ ಮಳೆ ಹೆಚ್ಚೆಂದರೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್ ಹೊತ್ತಿಗೆ. ಜೂನ್, ಜುಲೈ ಮಳೆಗಳನ್ನು ನಂಬುವಂತಿಲ್ಲ. ಆದರೆ ಎರೆಗೆ ಕೆಂಪು ಮಣ್ಣಿಗಿಲ್ಲದ ಒಂದು ಗುಣವಿದೆ. ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮುಂಗಾರಿನಲ್ಲಿ ಜೋಳದ ಹೊಲ ಖಾಲಿ ಇರುತ್ತದೆ. ನೋಡುವವರಿಗೆ ಪಾಳು ಬಿಟ್ಟಂತೆ ಕಾಣಬಹುದು. ಆದರೆ ಅಲ್ಲಿ ಕೆಲಸ ನಡೆದೇ ಇರುತ್ತದೆ. ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆಯುತ್ತಾರೆ. ಹರಗಿದ ಮೇಲ್ಮಣ್ಣು ಕಳೆಯನ್ನೂ ತಡೆಯುತ್ತದೆ, ಒಳಗಿನ ತೇವಕ್ಕೆ ಮುಚ್ಚಳವೂ ಆಗುತ್ತದೆ. ಹುಬ್ಬಿ, ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತನೆ. ಆಮೇಲೆ ಮಳೆ ಬಾರದಿದ್ದರೂ ಬೆಳೆ ನೆಲದೊಳಗಿನ ತೇವವನ್ನೇ ಉಂಡು ಮಾಘದ ಹೊತ್ತಿಗೆ ತೆನೆಯಾಗುತ್ತದೆ. ಚಳಿಗಾಲದಲ್ಲಿ ಎರೆ ಬಿರಿಯುತ್ತದೆ, ಬಿರುಕಿನಲ್ಲಿ ತೇವ ಹಾರಿಹೋಗುತ್ತದೆ. ಸಾಲುಗಳ ನಡುವೆ ಎಡೆ ಹೊಡೆದು ಆ ಬಿರುಕು ಮುಚ್ಚುತ್ತಾರೆ. ಸಾಲು ದೂರ ಇಟ್ಟದ್ದೂ ಇದಕ್ಕೇ. ಗಿಡಕ್ಕೆ ಗಿಡ ಒತ್ತಿ ನಿಂತರೆ ಕೂಡಿಟ್ಟ ನೀರು ಸಂಕ್ರಾಂತಿಗೆ ಮೊದಲೇ ಮುಗಿಯುತ್ತದೆ. ಅದೇ ಸೀಮೆಯಲ್ಲಿ ಮುಂಗಾರಿಗೆ ತೊಗರಿ, ಹೆಸರು ಬಿತ್ತುವ ಹೊಲಗಳೂ ಇವೆ. ಬಿಳಿಜೋಳದ ದಾರಿ ಮಾತ್ರ ಇದು.

ಈ ಮಣ್ಣಿನ ಆಳವನ್ನು ಸರ್ಕಾರ ಮೊದಲು ಕೋಲು ಹಿಡಿದು ಅಳೆದದ್ದು ಕಂದಾಯಕ್ಕಾಗಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಅಧಿಕಾರಿಗಳ ಮುಂಬಯಿ ಸರ್ವೆ ಪದ್ಧತಿ ಶುರುವಾದದ್ದು ನಮ್ಮ ಪುಣೆ ಜಿಲ್ಲೆಯ ಇಂದಾಪುರದಲ್ಲಿ, 1835ರ ಸುಮಾರಿಗೆ. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಹೊಲಕ್ಕೆ ಇಷ್ಟಾಣೆ ಬೆಲೆ ಎಂದು ಕಟ್ಟುವ ಪದ್ಧತಿ ಅದು. ಹದಿನಾರಾಣೆಯ ಹೊಲದಿಂದ ಇಳಿಯುತ್ತ ಹೋಗುತ್ತದೆ. ಆಮೇಲೆ ಧಾರವಾಡ, ಬಿಜಾಪುರ ಕಡೆಗೂ ಅದು ಬಂತು. ತೆರಿಗೆ ಕೇಳುವಾಗ ಹೊಲದಿಂದ ಹೊಲಕ್ಕೆ ಮಣ್ಣು ಬೇರೆ ಎಂಬುದು ಸರ್ಕಾರಕ್ಕೆ ಚೆನ್ನಾಗಿ ತಿಳಿದಿತ್ತು.

ಇಲ್ಲಿ ನಿಂತು ಒಂದು ಕಹಿ ಮಾತು ಹೇಳದಿದ್ದರೆ ಈ ಪತ್ರ ಬರೀ ಹಳೆಯದರ ಹೊಗಳಿಕೆ ಆಗುತ್ತದೆ. ಮಳೆಯನ್ನು ಹಿಡಿಯುವ ಈ ಬುದ್ಧಿಯೆಲ್ಲ ಇದ್ದ ಸೀಮೆಯಲ್ಲೇ ಧಾತು, ಈಶ್ವರ ಸಂವತ್ಸರಗಳ ಬರ ಬಂತು, 1876ರಿಂದ 1878ರವರೆಗೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಈಗಿನ ವಿಜಯಪುರ, ಬಾಗಲಕೋಟೆಗಳನ್ನು ಒಳಗೊಂಡ ಅಂದಿನ ಕಲಾದಗಿ ಜಿಲ್ಲೆಯಲ್ಲಿ ಹತ್ತು ವರ್ಷದೊಳಗೆ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು. ನೆಲದಲ್ಲಿ ಹಿಡಿದಿಡಲು ಮಳೆಯೇ ಬೀಳದಿದ್ದರೆ ಕುಂಟೆ ಏನು ಮಾಡೀತು? ಹೊರಗಿನಿಂದ ಕಾಳು ತರಲು ದಾರಿಯಿರಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಸೋಲಾಪುರದ ಮೇಲೆ ಊರಿಗೆ ಹೋಗುವ ಹೋಟಗಿ, ಗದಗ ರೈಲು ಮಾರ್ಗ ಬಂದದ್ದು 1880ರ ದಶಕದಲ್ಲಿ, ಬರ ಮುಗಿದ ಮೇಲೆ. ನೆಲಕ್ಕೆ ಒಗ್ಗಿದ ಬೇಸಾಯ ಸಾಧಾರಣ ಕೊರತೆಯ ವರ್ಷಗಳನ್ನು ದಾಟಿಸುತ್ತದೆ. ಮಹಾ ಬರವನ್ನು ಅದೊಂದೇ ದಾಟಿಸಲಾರದು. ಅದಕ್ಕೆ ರಸ್ತೆ, ಕಣಜ, ದಯೆಯಿರುವ ಆಡಳಿತ ಎಲ್ಲವೂ ಬೇಕು.

ಮಳೆಯಾಶ್ರಿತ ಬೇಸಾಯವನ್ನು ವಿಜ್ಞಾನಿಗಳು ಕೈಗೆತ್ತಿಕೊಂಡದ್ದು ಇನ್ನೂ ತಡವಾಗಿ. 1923ರಲ್ಲಿ ಪುಣೆ ಹತ್ತಿರದ ಮಾಂಜರಿಯಲ್ಲಿ ಮೊದಲ ಪ್ರಯೋಗಗಳು ನಡೆದವು. 1928ರಲ್ಲಿ ರಾಯಲ್ ಕೃಷಿ ಆಯೋಗದ ವರದಿ ಬಂತು. 1933ರಿಂದ 1935ರ ನಡುವೆ ಒಣಬೇಸಾಯಕ್ಕೆಂದೇ ದೇಶದಲ್ಲಿ ಐದು ಸಂಶೋಧನಾ ಕೇಂದ್ರಗಳು ತೆರೆದವು. ಸೋಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಐದರಲ್ಲಿ ಮೂರು ಕನ್ನಡದ ನೆಲದಲ್ಲಿ. ಆದರೆ ಬಿಜಾಪುರ ಆಗ ಮುಂಬಯಿ ಪ್ರಾಂತದ್ದು, ಬಳ್ಳಾರಿ ಪಕ್ಕದ ಹಗರಿ ಮದರಾಸಿನದು, ರಾಯಚೂರು ಹೈದರಾಬಾದ್ ನಿಜಾಮರದು. ಮೂರೂ ಕಡೆ ಮಣ್ಣು ಹೆಚ್ಚಾಗಿ ಅದೇ ಎರೆ, ರೈತರ ಮಾತು ಅದೇ ಕನ್ನಡ. ಕಾಗದ ಹೋಗುತ್ತಿದ್ದ ರಾಜಧಾನಿಗಳು ಮಾತ್ರ ಮೂರು. ಈ ಪತ್ರ ಓದುವ ನಿಮ್ಮಲ್ಲಿ ಬಹಳ ಮಂದಿ ಇವತ್ತು ಇರುವುದೂ ಅವೇ ಊರುಗಳಲ್ಲಿ.

ಆ ಕೇಂದ್ರಗಳು ಮಾಡಿದ ಕೆಲಸ ಸಣ್ಣದಲ್ಲ. ‘ಮುಂಬಯಿ ಒಣಬೇಸಾಯ ಪದ್ಧತಿ’ ಎಂದು ಹೆಸರಾದ ಅದರಲ್ಲಿ ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳದ ಉಳುಮೆ, ಕೊಟ್ಟಿಗೆ ಗೊಬ್ಬರ, ಕಡಿಮೆ ಬೀಜ, ದೂರದ ಸಾಲು, ಮತ್ತೆಮತ್ತೆ ಎಡೆ ಹೊಡೆಯುವುದು ಸೇರಿದ್ದವು. ಎನ್. ವಿ. ಕಾನಿಟ್ಕರ್ 1944ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದರು. ಪಟ್ಟಿಯನ್ನು ಮಾವನವರಿಗೆ ಓದಿ ಹೇಳಿದೆ. ‘ಇದರಾಗ ಹೊಸಾದು ಏನೈತಿ?’ ಎಂದರು. ಅವರ ಮಾತು ಪೂರ್ತಿ ನ್ಯಾಯವಲ್ಲ. ಎಷ್ಟು ದೂರ, ಎಷ್ಟು ಬೀಜ, ಎಷ್ಟು ತೇವ ಉಳಿಯಿತು ಎಂಬುದನ್ನು ಅಳೆದು ತೋರಿಸಿದ್ದು ಹೊಸದು. ಆದರೂ ಬಿತ್ತುವ, ಹರಗುವ ಕ್ರಮದಲ್ಲಿ ಅವರು ಅಳೆದದ್ದು ಬಹುಪಾಲು ರೈತರು ಮಾಡುತ್ತಿದ್ದುದನ್ನೇ. ಪುಣೆಯ ಅಂಗಡಿಗಳಲ್ಲಿ ನಾವು ಕೇಳಿ ಕೊಳ್ಳುವ ಮಾಲದಂಡಿ ಜೋಳವೂ ಹಾಗೆಯೇ. ಸೋಲಾಪುರ ಜಿಲ್ಲೆಯ ಮೋಹೋಳದ ಕೇಂದ್ರದವರು ಊರಿನ ಜೋಳದಲ್ಲೇ ಆರಿಸಿ ತೆಗೆದ ತಳಿ ಅದು. ಅದಾದ ಮೇಲೆ ಎಷ್ಟು ಹೈಬ್ರಿಡ್ ಬಂದರೂ ಹಿಂಗಾರಿ ಹೊಲದಲ್ಲಿ, ರೊಟ್ಟಿಯ ತಟ್ಟೆಯಲ್ಲಿ ಅದು ಜಾಗ ಬಿಟ್ಟಿಲ್ಲ.

ಎಡವಿದ್ದು ಒಡ್ಡಿನ ವಿಚಾರದಲ್ಲಿ. ಮುಂಬಯಿ ಪ್ರಾಂತದ 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂದ ಮೇಲೆ ಒಡ್ಡು ಹಾಕುವ ಕೆಲಸ ದೊಡ್ಡದಾಗಿ ಹಬ್ಬಿತು. ಹಗುರ ಮಣ್ಣಿನಲ್ಲಿ ಸಮಪಾತಳಿಯ ಒಡ್ಡು ಒಳ್ಳೆಯದು, ಹರಿಯುವ ನೀರನ್ನು ತಡೆದು ಇಂಗಿಸುತ್ತದೆ. ಆಳವಾದ ಎರೆಗೆ ನೀರು ಇಂಗುವುದು ನಿಧಾನ. ಅಲ್ಲೂ ಅದೇ ಮಾದರಿಯ ಒಡ್ಡು ಹಾಕಿದ ಕಡೆ ನೀರು ವಾರಗಟ್ಟಲೆ ನಿಂತು ಬೆಳೆ ಕೆಟ್ಟಿತು. ಒಡ್ಡಿನ ಮಣ್ಣೇ ಬಿರಿದು ಬಿರುಕಿನಲ್ಲಿ ನೀರು ನುಗ್ಗಿ ಒಡೆಯಿತು. ಎರೆಗೆ ಬೇಕಾದದ್ದು ಸ್ವಲ್ಪ ಇಳಿಜಾರು ಕೊಟ್ಟು ಹೆಚ್ಚಾದ ನೀರನ್ನು ನಿಧಾನವಾಗಿ ಹೊರಗೆ ಬಿಡುವ ಒಡ್ಡು ಎಂಬ ಸಲಹೆ ಆಮೇಲೆ ಬಂತು. ಕಂದಾಯಕ್ಕೆ ಮಣ್ಣಿನ ಆಳವನ್ನು ಆಣೆಯ ಲೆಕ್ಕದಲ್ಲಿ ಅಳೆದ ಸರ್ಕಾರಕ್ಕೆ ಪರಿಹಾರ ಕೊಡುವ ಹೊತ್ತಿಗೆ ಅದೇ ಆಳ ಮರೆತುಹೋಗಿತ್ತು.

*

ಇನ್ನು ಏಳನೆಯ ವಾಕ್ಯ: ‘ನಿಮ್ಮ ಜಮೀನಿನಲ್ಲೇ ಸಿಗುವ ಸಾವಯವ ಗೊಬ್ಬರ ಬಳಸಿ.’

ಎಂಎ ಓದುವಾಗ ಜೊತೆಗಿದ್ದ ಶಿರಸಿ ಕಡೆಯ ಗೆಳತಿಗೆ ಇದನ್ನು ಕಳಿಸಿದೆ. ಅವಳು ಮರುಪ್ರಶ್ನೆ ಹಾಕಿದಳು: ‘ಜಮೀನು ಅಂದ್ರೆ ಯಾವ್ದು? ತೋಟವೋ, ಬೆಟ್ಟವೋ?’

ಬಯಲುಸೀಮೆಯವಳಾದ ನನಗೆ ಬೆಟ್ಟವೆಂದರೆ ಗುಡ್ಡಕ್ಕಿಂತ ದೊಡ್ಡದು, ಅಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬೆಟ್ಟವೆಂದರೆ ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು, ಸೌದೆ, ಹುಲ್ಲು ಕೊಡುವ, ತೋಟದ ಹೆಸರಿಗೆ ಬಿಟ್ಟುಕೊಟ್ಟ ಕಾಡು. ತೋಟ ಕಣಿವೆಯ ತಳದಲ್ಲಿರುತ್ತದೆ. ಅಲ್ಲಿ ಸುರಿಯುವ ಮಳೆ ಇಂಡಿಯ ಮಳೆಯ ನಾಲ್ಕೈದು ಪಟ್ಟು. ಅಷ್ಟು ಮಳೆಗೆ ಮಣ್ಣಿನ ಸಾರ ತೊಳೆದುಹೋಗುತ್ತದೆ, ಬರಿಯ ಮಣ್ಣಿದ್ದರೆ ಮಣ್ಣೇ ಹೋಗುತ್ತದೆ. ಅದಕ್ಕೇ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ವರ್ಷ ವರ್ಷ ಮರದ ಬುಡಕ್ಕೆ ಕೊಡುತ್ತಾರೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬುದು ಆ ಸೀಮೆಯ ಎಲ್ಲರ ಬಾಯಲ್ಲಿರುವ ಲೆಕ್ಕ.

ಅಂದರೆ ಪಹಣಿಯಲ್ಲಿ ಕಾಣುವ ಆ ಒಂದು ಎಕರೆ ತೋಟ ನಿಜಕ್ಕೂ ಹತ್ತು ಎಕರೆಯ ಬೇಸಾಯ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಜಗಳ ಜೋರಾಯಿತು. ಅರಣ್ಯಾಧಿಕಾರಿಗಳ ಕಣ್ಣಿಗೆ ಸೊಪ್ಪು ಕಡಿಯುವವನು ಮರ ಕೆಡಿಸುವವನು, ತೋಟಿಗರ ಕಣ್ಣಿಗೆ ಸೊಪ್ಪಿಲ್ಲದ ತೋಟ ಸಾಯುವ ತೋಟ. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಅತಿಯಾಗಿ ಕಡಿದು ಬೋಳಾದ ಬೆಟ್ಟಗಳೂ ಇವೆ, ಮೂರು ತಲೆಮಾರು ಕಾದು ದಟ್ಟವಾಗಿ ಉಳಿಸಿಕೊಂಡ ಬೆಟ್ಟಗಳೂ ಇವೆ. ಈ ಹಕ್ಕಿನಲ್ಲೊಂದು ಅನ್ಯಾಯವೂ ಇತ್ತು. ತೋಟ ಇದ್ದವರಿಗೆ ಬೆಟ್ಟ ಸಿಕ್ಕಿತು, ತೋಟ ಇಲ್ಲದ ಕೂಲಿಯವರಿಗೆ ಸಿಗಲಿಲ್ಲ. ಗುಡ್ಡದ ಕಾಡು ಕಡಿದು ಸುಟ್ಟು ರಾಗಿ ಬೆಳೆಯುತ್ತಿದ್ದ ಕುಮರಿ ಬೇಸಾಯಗಾರರ ಮೇಲೆ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ನಿರ್ಬಂಧ ಬಿತ್ತು. ಯಾರ ಬೇಸಾಯ ಉಳಿಯಿತು, ಯಾರದು ಅಳಿಯಿತು ಎಂಬುದು ನೆಲದ ಗುಣದಿಂದ ಮಾತ್ರ ತೀರ್ಮಾನವಾಗುವುದಿಲ್ಲ.

ಮಲೆನಾಡಿನ ಇನ್ನೊಂದು ಕತೆ ನನ್ನ ವಾದಕ್ಕೆ ಎದುರಾಗಿ ನಿಲ್ಲುವಂಥದು, ಅದನ್ನೂ ಹೇಳಬೇಕು. ಪುಷ್ಯ, ಆಶ್ಲೇಷ ಮಳೆಗಳು ಬಿಡದೆ ಹೊಡೆಯುವಾಗ ಅಡಿಕೆಗೆ ಕೊಳೆರೋಗ ಬರುತ್ತದೆ, ಗೊನೆಯ ಕಾಯಿ ಕೊಳೆತು ಉದುರುತ್ತದೆ. ಇದಕ್ಕೆ ಹಳೆಯ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲಿನಿಂದ ಟೊಪ್ಪಿಯಂತೆ ನೆಯ್ದು, ಮರ ಹತ್ತಿ, ಒಂದೊಂದು ಗೊನೆಗೂ ಮಳೆಯ ಮರೆ ಕಟ್ಟುತ್ತಿದ್ದರು. ಜಾರುವ ಮರ, ಸಾವಿರಾರು ಗೊನೆ. ಪ್ರಾಣ ಕೈಯಲ್ಲಿ ಹಿಡಿದು ಮಾಡುವ ಕೆಲಸ.

1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಕೊಳೆರೋಗವನ್ನು ಅದು ಬರುವ ಮಲೆನಾಡಿನಲ್ಲೇ ಅಧ್ಯಯನ ಮಾಡಿ, ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ಅದರ ಮೇಲೆ ಪ್ರಬಂಧ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು. ಅದು ಇಲ್ಲಿ ಅಡಿಕೆಗೆ ಬಂತು. ಇವತ್ತು ‘ಮದ್ದು ಹೊಡೆಯುವುದು’ ಮಲೆನಾಡಿನ ಮಳೆಗಾಲದ ಮಾತೇ ಆಗಿಹೋಗಿದೆ. ಹೊರಗಿನದೆಲ್ಲ ಕೆಟ್ಟದ್ದಲ್ಲ, ಹಳೆಯದೆಲ್ಲ ಉಳಿಯಬೇಕಾದ್ದೂ ಅಲ್ಲ. ಆ ಮದ್ದು ಇಲ್ಲಿ ಬೇರು ಬಿಟ್ಟದ್ದು ಅದನ್ನು ತಂದವರು ಆ ಮಳೆಯಲ್ಲೇ ನಿಂತು ಆ ರೋಗವನ್ನೇ ನೋಡಿದ್ದರಿಂದ.

*

ಕೊನೆಯದು ಒಂಬತ್ತನೆಯ ವಾಕ್ಯ: ‘ಹೊಲದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ.’

ಶಿರಸಿಯಿಂದ ಘಟ್ಟ ಇಳಿದು ಕುಮಟಾಕ್ಕೆ ಬಂದರೆ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆ. 1801ರಲ್ಲಿ ಬುಕಾನನ್ ಓಡಾಡಿದ ಕರಾವಳಿಯೇ ಇದು. ಅಲ್ಲಿನ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಭರತ ಬಂದಾಗ ಉಪ್ಪು ನೀರು ಒಳಗೆ ನುಗ್ಗುವ, ಮಳೆಗಾಲದಲ್ಲಿ ಸಿಹಿ ನೀರು ನಿಲ್ಲುವ ನೆಲ. ಅಲ್ಲಿ ಬೆಳೆಯುವ ಭತ್ತದ ಹೆಸರು ಕಗ್ಗ. ಮುಂಗಾರಿನ ಜೋರು ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಮೊಳಕೆಯ ಬೀಜ ಚೆಲ್ಲುತ್ತಾರೆ. ಕಗ್ಗ ಉಪ್ಪನ್ನು ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಏಳುತ್ತದೆ. ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಉಳಿದ ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಅದು ಕೊಳೆತು ಸಿಗಡಿ, ಮೀನುಗಳಿಗೆ ಆಹಾರವಾಗುತ್ತದೆ. ಮಳೆಗಾಲ ಮುಗಿದ ಮೇಲೆ ಬಾಗಿಲು ತೆರೆದು ಉಪ್ಪು ನೀರು ಬಿಟ್ಟುಕೊಳ್ಳುತ್ತಾರೆ. ಭತ್ತದ ಗದ್ದೆ ಮೀನಿನ ಗದ್ದೆಯಾಗುತ್ತದೆ. ಮೀನಿನ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಗೋವಾದ ಖಾಜನ್, ಕೇರಳದ ಪೊಕ್ಕಾಳಿ ಇದೇ ಬಳಗದವು.

ಇಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಬೇಸಾಯವೇ ಇಲ್ಲ. ನೀರನ್ನು ಯಾವಾಗ ನಿಲ್ಲಿಸಬೇಕು, ಯಾವಾಗ ಬಿಡಬೇಕು, ಯಾವ ನೀರನ್ನು ಎಂಬುದೇ ಇಲ್ಲಿನ ವಿದ್ಯೆ. ಅದು ಒಬ್ಬನ ಕೈಯಲ್ಲಿ ಆಗುವ ಮಾತೂ ಅಲ್ಲ. ಮಣ್ಣಿನ ಕಟ್ಟೆಯನ್ನು ವರ್ಷ ವರ್ಷ ಊರೇ ಸೇರಿ ಕಟ್ಟಬೇಕು, ಬಾಗಿಲು ತೆಗೆಯುವ ದಿನವನ್ನು ಎಲ್ಲರೂ ಒಪ್ಪಬೇಕು. 1970ರ ದಶಕದಲ್ಲಿ ಸರ್ಕಾರ ಉಪ್ಪು ನೀರು ತಡೆಯಲು ಕಾಯಂ ಕಟ್ಟೆಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ವರ್ಷ ವರ್ಷದ ಶ್ರಮ ತಪ್ಪಿತು. ಶ್ರಮದ ಜೊತೆ ಊರನ್ನು ಒಟ್ಟಿಗೆ ಕೂರಿಸುತ್ತಿದ್ದ ಕಾರಣವೂ ತಪ್ಪಿತು. ಸಿಗಡಿಗೆ ಬೆಲೆ ಏರಿದಾಗ ಗಜನಿಗಳು ಗುತ್ತಿಗೆಗೆ ಹೋದವು. ಭತ್ತಕ್ಕೆ ಬೇಕಾದ ಸಿಹಿ ನೀರಿಗಿಂತ ಸಿಗಡಿಗೆ ಬೇಕಾದ ಉಪ್ಪು ನೀರು ಮುಖ್ಯವಾಯಿತು. ಕಗ್ಗ ಹಿಂದೆ ಸರಿಯಿತು. ಈಗ ಅದು ಉಳಿದಿರುವುದು ಮಾಣಿಕಟ್ಟದಂಥ ಕೆಲವು ಊರುಗಳಲ್ಲಿ, ಮುಖ್ಯವಾಗಿ ರೈತರು ಒಟ್ಟಿಗೆ ಬೇಸಾಯ ಮಾಡಲು ಒಪ್ಪಿದ ಕಡೆ. ಸಮುದ್ರ ಏರುತ್ತಿದೆ ಎಂದು ಎಲ್ಲರೂ ಹೇಳುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ಒಂದು ಭತ್ತ ಕೆಲವೇ ಊರುಗಳ ಕೈಯಲ್ಲಿದೆ. ಅದರ ಬೀಜವನ್ನು ಶೀತಲ ಕೋಣೆಯಲ್ಲಿ ಉಳಿಸಬಹುದು. ಬಾಗಿಲು ಯಾವಾಗ ತೆಗೆಯಬೇಕೆಂದು ಒಪ್ಪುವ ಊರನ್ನು ಉಳಿಸಲು ಅಂಥ ಕೋಣೆ ಇಲ್ಲ.

*

ಮೂರು ವಾರ ಇದನ್ನೆಲ್ಲ ಓದಿ, ಕೇಳಿ ನನಗೆ ತಿಳಿದದ್ದು ಇಷ್ಟು. ಹಳೆಯದು ಒಳ್ಳೆಯದೋ ಹೊಸದು ಒಳ್ಳೆಯದೋ ಎಂಬ ಜಗಳದಲ್ಲಿ ಹುರುಳಿಲ್ಲ. ಬುಕಾನನ್ ಕಂಪನಿಯ ಕೆಲಸಕ್ಕೆ ಬಂದವನು, ಕೋಲ್ಮನ್ ದೂರದ ಕೆನಡಾದವರು, ಕಾನಿಟ್ಕರ್ ಪ್ರಾಂತ ಸರ್ಕಾರದ ಇಲಾಖೆಯವರು. ಇವರ ಕೆಲಸ ನಿಂತದ್ದು ಒಂದು ಹೊಲದ ಮುಂದೆ ನಿಂತು ಆ ಹೊಲದ ಬಗ್ಗೆ ಕೇಳಿದಷ್ಟು ಮಟ್ಟಿಗೆ. ಒಂದು ಕಡೆ ಸಿಕ್ಕ ಉತ್ತರವನ್ನು ಎಲ್ಲ ಕಡೆಗೂ ಹಂಚಿದಾಗ ಒಡ್ಡು ಒಡೆಯಿತು. ರೈತರ ಜಾಣತನವೂ ಹಾಗೆಯೇ. ಅಮ್ಮನ ಅಕ್ಕಡಿಯನ್ನು ಇಂಡಿಯ ಎರೆಗೆ ಒಯ್ದರೆ ಅದು ಜಾಣತನವಾಗಿ ಉಳಿಯುವುದಿಲ್ಲ.

‘ಸುಸ್ಥಿರ’ ನಮ್ಮಂಥ ಅನುವಾದಕರ ಮೂಲಕ ಬಂದ ಪದ. ಕೆಟ್ಟ ಪದವಲ್ಲ, ಆದರೆ ಊರಿಲ್ಲದ ಪದ. ಅಕ್ಕಡಿ, ಹಿಂಗಾರಿ, ಸೊಪ್ಪಿನ ಬೆಟ್ಟ, ಗಜನಿ ಇವೆಲ್ಲ ಊರಿರುವ ಪದಗಳು. ಅವು ಏನು ಮಾಡಬೇಕೆಂದು ಹೇಳುವ ಮೊದಲು ಎಲ್ಲಿ ಎಂದು ಹೇಳುತ್ತವೆ.

ಕೆಲಸ ಏನಾಯಿತು ಎಂದು ಕೇಳುತ್ತೀರಿ. ಹನ್ನೊಂದು ವಾಕ್ಯಗಳನ್ನು ನಾಲ್ಕು ಸೀಮೆಗೆ ನಾಲ್ಕು ಬಗೆಯಾಗಿ ಬರೆದು, ಯಾಕೆಂದು ಎರಡು ಪುಟದ ವಿವರಣೆ ಸೇರಿಸಿ ಕಳಿಸಿದೆ. ಒಂದಕ್ಕೆ ಮಾತ್ರ ಹಣವಿದೆ ಎಂಬ ಉತ್ತರ ಬಂತು. ಇನ್ನೊಮ್ಮೆ ಫೋನ್ ಮಾಡಿ, ಮಾವನವರು ಹೇಳಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಕಡೆಗೆ ಎರಡನೆಯ ವಾಕ್ಯವೊಂದನ್ನು ಒಡೆಯಲು ಒಪ್ಪಿದರು. ಈಗ ಅದು ಹೀಗಿದೆ: ‘ಕೆಂಪು ಮಣ್ಣಾಗಿದ್ದರೆ ಹದ ಮಳೆಗೆ ಬಿತ್ತಿ. ಎರೆಯಲ್ಲಿ ಹಿಂಗಾರಿ ಜೋಳಕ್ಕೆ ಈಗ ಹರಗಿ ಬಿಡಿ, ಬಿತ್ತನೆ ಆಮೇಲೆ.’ ಮಿಕ್ಕ ಹತ್ತು ಇಡೀ ಕರ್ನಾಟಕಕ್ಕೆ ಹೋದವು. ಒಂಬತ್ತನೆಯದು ಕುಮಟಾದ ಗಜನಿಯವರ ಮೊಬೈಲಿಗೂ ಹೋಗಿರುತ್ತದೆ. ಓದಿ ಅವರೂ ಮಾವನವರ ಹಾಗೆ ನಕ್ಕಿರಲಿ ಎಂದು ಆಸೆ.

ನಿಮ್ಮ ಮನೆಯ ಹೊಲ, ಗದ್ದೆ, ತೋಟಗಳ ಮಾತುಗಳಲ್ಲಿ ನಿಘಂಟಿನಲ್ಲಿ ಸಿಗದ್ದು ಏನಾದರೂ ನೆನಪಿದ್ದರೆ ಈ ಪತ್ರಕ್ಕೆ ಉತ್ತರವಾಗಿ ಬರೆದು ಕಳಿಸಿ. ಪದದ ಜೊತೆಗೆ ಊರಿನ ಹೆಸರು ಬರೆಯಲು ಮರೆಯಬೇಡಿ.